ಎಣಿಸಿದವರು ಯಾರು?

ಮೊನ್ನೆ ಒಂದು ನಾಮಕರಣಕ್ಕೆ ಹೋಗಿದ್ದೆ. ಎಲೆ ಹಾಕುವುದಕ್ಕೆ ಇನ್ನೂ ಹೊತ್ತಿತ್ತು. ನಮ್ಮ ಭಾವನವರು ಪತ್ರಿಕೆಯ ಮೂಲೆಯಲ್ಲಿದ್ದ 'ನಿಮಗಿದು ಗೊತ್ತೇ?' ಚೌಕವನ್ನು ಗಟ್ಟಿಯಾಗಿ ಓದಿದರು: ಹೆಂಗಸು ದಿನಕ್ಕೆ 20,000 ಪದ ಆಡುತ್ತಾಳಂತೆ, ಗಂಡಸು ಬರೀ 7,000. ಗಂಡಸರು ನಕ್ಕರು. ನಾವೂ ನಕ್ಕೆವು. ನನಗೆ ಸಿಟ್ಟು ಬಂದದ್ದು ಆ ನಮ್ಮ ನಗುವಿಗೇ. (ಆ ಎರಡು ಸಾಲಿನ ಮೇಲೆ ಭಾವನವರು ಒಬ್ಬರೇ ಅರ್ಧ ಗಂಟೆ ವ್ಯಾಖ್ಯಾನ ಮಾಡಿದರೆನ್ನಿ.)

ಈ ಲೆಕ್ಕ ಊರೂರು ಸುತ್ತಿದ್ದು 2006ರಲ್ಲಿ ಅಮೆರಿಕದ ಮನೋವೈದ್ಯೆ ಲೂಆನ್ ಬ್ರಿಜೆಂಡೀನ್ ಹೆಣ್ಣಿನ ಮಿದುಳಿನ ಬಗ್ಗೆ ಬರೆದ ಪುಸ್ತಕದಿಂದ. ಬರೆದಾಕೆಯೂ ಹೆಣ್ಣೇ, ಇನ್ನು ಸಾಕ್ಷಿ ಯಾಕೆ ಬೇಕು! ಕುಳಿತು ಎಣಿಸಿದವರು ಮಾತ್ರ ಯಾರೂ ಇರಲಿಲ್ಲ. ಆಕ್ಷೇಪಣೆ ಬಂದ ಮೇಲೆ ಆಕೆಯೇ ಅದನ್ನು ಕೈಬಿಟ್ಟರು. ಚೌಕಗಳು ಬಿಡಲಿಲ್ಲ.

ಎಣಿಸಿದ್ದು ಮಥಿಯಾಸ್ ಮೆಲ್ ಎಂಬವರು ಮತ್ತು ಅವರ ಜೊತೆಗಾರರು. ಅಮೆರಿಕ, ಮೆಕ್ಸಿಕೋದ 396 ವಿದ್ಯಾರ್ಥಿಗಳ ಮೈಮೇಲೆ ಪುಟ್ಟ ಧ್ವನಿಮುದ್ರಕ ಕಟ್ಟಿ, ಹನ್ನೆರಡೂವರೆ ನಿಮಿಷಕ್ಕೊಮ್ಮೆ ಅರ್ಧ ನಿಮಿಷದ ಮಾತು ಹಿಡಿದರು. 2007ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಲೆಕ್ಕ ಇಷ್ಟು: ಹೆಣ್ಣುಮಕ್ಕಳು 16,215, ಗಂಡುಮಕ್ಕಳು 15,669. ವ್ಯತ್ಯಾಸ ಇದೆಯೆನ್ನುವ ಹಾಗೇ ಇಲ್ಲ. ಎಲ್ಲರಿಗಿಂತ ವಾಚಾಳಿಗಳಾದ ಮೂವರೂ ಗಂಡಸರು!

ನ್ಯಾಯವಾಗಿ ಇನ್ನೊಂದನ್ನೂ ಹೇಳಬೇಕು. 2025ರಲ್ಲಿ 2,197 ಜನರ ಮಾತು ಎಣಿಸಿದಾಗ ನಡುವಯಸ್ಸಿನಲ್ಲಿ, ಅಂದರೆ 25ರಿಂದ 64ರೊಳಗೆ, ಹೆಂಗಸರ ಮಾತು ಸುಮಾರು 3,000 ಪದ ಹೆಚ್ಚಾಗಿತ್ತು. ಬೇರೆ ವಯಸ್ಸಿನಲ್ಲಿ ಅಷ್ಟು ಅಂತರವಿಲ್ಲ. ಮಕ್ಕಳನ್ನು ಸಾಕುವ ಕೆಲಸ ಇದಕ್ಕೆ ಕಾರಣವಿರಬಹುದು ಎಂದು ಸಂಶೋಧಕರು ಊಹಿಸುತ್ತಾರೆ. ನನಗಂತೂ ಊಹೆಯೇ ಬೇಡ. 'ಹಲ್ಲುಜ್ಜಿದೆಯಾ, ಹಾಲು ಕುಡಿ, ಟಿಫಿನ್ ಡಬ್ಬಿ ಎಲ್ಲಿ, ಅಪ್ಪನ್ನ ಊಟಕ್ಕೆ ಕರಿ' - ಇದೂ ಹರಟೆಯೇ ಏನು? ಗಂಡಂದಿರು ಇದರಲ್ಲಿ ಅರ್ಧ ಹಂಚಿಕೊಳ್ಳಲಿ, ಆಮೇಲೆ ಎಣಿಸೋಣ.

ಮಾತಾಡುವ ಹೆಣ್ಣೆಂದರೆ ಹಳೆಯ ಭಯ. 16ನೇ ಶತಮಾನದಿಂದಲೇ ಸ್ಕಾಟ್ಲೆಂಡಿನಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ, ಬಜಾರಿಯೆನಿಸಿಕೊಂಡವಳ ತಲೆಗೆ ಕಬ್ಬಿಣದ ಕಡಿವಾಣ ತೊಡಿಸಿ, ನಾಲಗೆಯ ಮೇಲೆ ಪಟ್ಟಿ ಒತ್ತಿ ಬೀದಿಯಲ್ಲಿ ನಡೆಸುತ್ತಿದ್ದರು. ನಮ್ಮಲ್ಲಿ ಕಬ್ಬಿಣ ಬೇಕಾಗಲಿಲ್ಲ, 'ಮಾತು ಮನೆ ಕೆಡಿಸಿತು' ಎಂಬ ಗಾದೆಯೇ ಸಾಕಾಯಿತು.

ಆದರೆ ನಮ್ಮ ಅಜ್ಜಿಯರು ಬೇರೆಯದನ್ನೂ ಹೇಳಿದ್ದರು. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಒಂದು ಜನಪದ ಕಥೆಯಿದೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಅವಳು ಮಲಗಿದ್ದಾಗ ಬಾಯಿಂದ ಹೊರಬಿದ್ದವು. ಕಥೆ ಬಾಗಿಲಲ್ಲಿ ಜೋಡಾಯಿತು, ಹಾಡು ಗೂಟದ ಮೇಲೆ ಗಂಡಸಿನ ಅಂಗಿಯಾಯಿತು. ಗಂಡ ಬಂದು ನೋಡಿದ, ಸಂಶಯಪಟ್ಟ, ಜಗಳವಾಡಿ ಹನುಮಪ್ಪನ ಗುಡಿಗೆ ಮಲಗಲು ಹೋದ. ರಾತ್ರಿ ಅಲ್ಲಿಗೆ ಹರಟೆಗೆ ಬಂದ ಊರಿನ ದೀಪಗಳ ಬಾಯಿಂದ ನಿಜ ತಿಳಿಯಿತು. ಮನೆಗೆ ಬಂದು ಆ ಕಥೆ, ಹಾಡು ಯಾವುದೆಂದು ಕೇಳಿದರೆ ಅವಳಿಗೆ ಎರಡೂ ಮರೆತುಹೋಗಿದ್ದವು.

ಬರುವ ತಿಂಗಳು ಅದೇ ಮಗುವಿಗೆ ಕಿವಿ ಚುಚ್ಚುವ ಶಾಸ್ತ್ರ. ಭಾವನವರು ಪತ್ರಿಕೆ ಬಿಡಿಸುವುದಕ್ಕೆ ಮುಂಚೆಯೇ ನಾನು ಈ ಕಥೆ ಶುರುಮಾಡುವವಳಿದ್ದೇನೆ, ಎಷ್ಟು ಪದವಾದರೂ ಆಗಲಿ.