ಅಪ್ಪನಿಗೆ ಸುಡಲೇ ಇಲ್ಲ

ಏಪ್ರಿಲ್‌ನಲ್ಲಿ ಊರಿಗೆ ಹೋದಾಗ ಅಪ್ಪ ಅಮ್ಮನ್ನ ಹೇಮಗಿರಿಗೆ ಕರ್ಕೊಂಡು ಹೋಗಿದ್ದೆ. ಬೆಟ್ಟದ ಮೇಲೆ ಕಲ್ಯಾಣ ವೆಂಕಟರಮಣನ ಗುಡಿ, ಕೆಳಗೆ ಹೇಮಾವತಿ. ನಡುಮಧ್ಯಾಹ್ನ. ಚಪ್ಪಲಿ ಬಿಟ್ಟು ಕಲ್ಲಿನ ಮೇಲೆ ಕಾಲಿಟ್ಟಿದ್ದೇ ತಡ, ನಾನೂ ಅಮ್ಮನೂ ಕುಣಿಯೋಕೆ ಶುರು. ಅಪ್ಪ ಮಾತ್ರ ಆರಾಮಾಗಿ ನಡೆದರು. "ಬೆಂಗ್ಳೂರು ಸೇರಿ ನಿನ್ ಕಾಲು ಮೆತ್ತಗಾಗವೆ ಕಣ್ಲಾ" ಅಂದರು. ಎಲ್ಲರೂ ನಕ್ಕೆವು. ರಾತ್ರಿ ಅಮ್ಮ ನೋಡಿದರೆ ಎರಡೂ ಅಂಗಾಲಲ್ಲಿ ಬೊಬ್ಬೆ.

ಅಪ್ಪನಿಗೆ ಹನ್ನೊಂದು ವರ್ಷದಿಂದ ಶುಗರ್. ನರ ಮರಗಟ್ಟಿದೆ ಅಂದರು ಡಾಕ್ಟರು. ಅಂದರೆ ಏನು ಅಂತ ಆಮೇಲೆ ಕೂತು ಓದಿದೆ.

ಚರ್ಮದೊಳಗಿನ ನರದ ತುದಿಯಲ್ಲಿ ಟಿಆರ್‌ಪಿವಿ1 ಅನ್ನೋ ಪ್ರೋಟೀನ್ ಬಾಗಿಲಿದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ತೆರೆಯುತ್ತೆ. ಮೆಣಸಿನಕಾಯಿ ಖಾರಕ್ಕೂ ಇದೇ ತೆರೆಯೋದು, ಅದಕ್ಕೇ ಖಾರ 'ಉರಿ'. ಇದನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಸುದ್ದಿ ಬೆನ್ನುಹುರಿ ತಲುಪಿದಾಗ ನರ ಗ್ಲುಟಮೇಟ್ ಸುರಿಸುತ್ತೆ. ಗೋಬಿ ಮಂಚೂರಿಗೆ ಹಾಕೋ ಟೇಸ್ಟಿಂಗ್ ಪೌಡರ್‌ನಲ್ಲಿರೋದೂ ಅದೇ. (ಗಾಬರಿ ಬೇಡ, ನರಗಳು ತಮಗೆ ಬೇಕಾದ್ದನ್ನ ತಾವೇ ಮಾಡ್ಕೊಳ್ತವೆ.) ಮುಂದಿನ ನರಕೋಶದ ಗ್ರಾಹಕಗಳು ಅದನ್ನು ಹಿಡಿದರೆ ಸುದ್ದಿ ಮುಂದಕ್ಕೆ. ಹೀಗೇ ಕೈಯಿಂದ ಕೈಗೆ ದಾಟಿ ಮಿದುಳಿನ ಥಲಾಮಸ್, ಅಲ್ಲಿಂದ ಮೇಲಕ್ಕೆ. ಆಗ 'ಅಯ್ಯೋ ಸುಡ್ತಿದೆ'.

ನನಗೆ ಮಜಾ ಅನ್ನಿಸಿದ್ದು ಇನ್ನೊಂದು. ಈ ಗ್ರಾಹಕಗಳಲ್ಲೇ ಗ್ಲುಕೆ2 ಅಂತ ಒಂದಿದೆ. ಮಿದುಳಲ್ಲಿ ಬರೀ ರಾಸಾಯನಿಕ ಸುದ್ದಿ ಹಿಡಿಯೋ ಕೆಲಸ ಅದರದ್ದು ಅಂದ್ಕೊಂಡಿದ್ದರು. ಚರ್ಮದಿಂದ ಬರೋ ನರಗಳಲ್ಲಿ ಅದು ಚಳಿಯನ್ನೇ ಗುರುತಿಸುತ್ತೆ ಅಂತ ಮಿಷಿಗನ್ ವಿಶ್ವವಿದ್ಯಾಲಯದವರು 2024ರಲ್ಲಿ ಇಲಿಗಳಲ್ಲಿ ತೋರಿಸಿದರು. ಒಂದೇ ಕೋಡ್, ಎರಡು ಕಡೆ ಬೇರೆ ಬೇರೆ ಕೆಲಸ!

ಅಪ್ಪನ ಮಿದುಳಲ್ಲಿ ಇದೆಲ್ಲ ಸರಿಯಾಗೇ ಇದೆ. ಸುದ್ದಿಯೇ ಹೊರಟಿಲ್ಲ. ಸೊಂಟದಿಂದ ಪಾದಕ್ಕೆ ಹೋಗೋ ನರಗಳು ದೇಹದಲ್ಲೇ ಉದ್ದ, ಸಕ್ಕರೆ ಮೊದಲು ಹಾಳುಮಾಡೋದು ಅವುಗಳ ತುದಿಯನ್ನ. ನಿಮ್ಮ ಮನೇಲಿ ಶುಗರ್ ಇರೋರ ಪಾದ ಕೊನೇ ಸಲ ನೋಡಿದ್ದು ಯಾವಾಗ? ನಾನಂತೂ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಗಾಯ ಮಾಯೋಕೆ ಏಳು ವಾರ ಹಿಡೀತು. ಈಗ ಸ್ನಾನದ ನೀರು ಮೊದಲು ಅಮ್ಮ ಮುಟ್ಟಿ ನೋಡ್ತಾರೆ. ರಾತ್ರಿ ವಿಡಿಯೋ ಕಾಲ್‌ನಲ್ಲಿ ಅಪ್ಪ ಮುಖಕ್ಕಿಂತ ಮೊದಲು ಅಂಗಾಲು ತೋರಿಸ್ತಾರೆ. "ನೋಡ್ಕಳಪ್ಪ ಇಂಜಿನಿಯರ್ರೇ" ಅಂತ.