ಅರ್ಧ ದಿನದ ವೇತನ, ಅಹೋರಾತ್ರಿಯ ಸೇವೆ

ಬೇಸಿಗೆಯ ರಜೆ ಸಮೀಪಿಸಿದಂತೆ ನಗರವಾಸಿ ಜೈನ ಕುಟುಂಬಗಳಲ್ಲಿ ಒಂದು ಹುಡುಕಾಟ ಆರಂಭವಾಗುತ್ತದೆ. ತಂದೆ ತಾಯಿ ಇಬ್ಬರೂ ಉದ್ಯೋಗಸ್ಥರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಗೆ ಬೀಗ. ಅಜ್ಜಿ ತಾತಂದಿರು ದೂರದ ಊರಿನಲ್ಲಿ. ಆಗ ಊರಿನ ಬಸದಿಯ ಪುರೋಹಿತರಿಗೋ ಪರಿಚಿತ ಧರ್ಮದರ್ಶಿಗಳಿಗೋ ಕರೆ ಹೋಗುತ್ತದೆ: “ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಹುಡುಗಿ ಬೇಕಾಗಿತ್ತು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಮಾತ್ರ ಕೆಲಸ; ಆಮೇಲೆ ಮಕ್ಕಳು ಸಂಗೀತ, ಚಿತ್ರಕಲೆಯ ತರಗತಿಗೆ ಹೋಗುತ್ತಾರೆ. ಊಟ, ವಸತಿ ನಮ್ಮದೇ.” ಕೇಳಲು ಹಿತವಾದ ಮಾತು. ಆದರೆ ನಾಲ್ಕು ಗಂಟೆಯ ಕೆಲಸಕ್ಕೆ ಇಪ್ಪತ್ತನಾಲ್ಕು ಗಂಟೆಯ ವಾಸವೇಕೆ ಎಂದು ಕೇಳುವವರು ವಿರಳ.

ಉತ್ತರವನ್ನು ಆ ಹುಡುಗಿಯ ದಿನಚರಿಯೇ ಹೇಳುತ್ತದೆ. ಮನೆಯಲ್ಲಿಯೇ ಇದ್ದಾಳೆಂಬ ಕಾರಣಕ್ಕೆ ಬೆಳಿಗ್ಗೆ ಆರಕ್ಕೆ ಹಾಲು ಕಾಯಿಸುವವಳು ಅವಳು. ಒಂದು ಗಂಟೆಯ ಬಳಿಕ ಪಾತ್ರೆ ತೊಳೆಯುವವಳು, ಒಣಗಿದ ಬಟ್ಟೆ ಮಡಚುವವಳು, ತರಗತಿಯಿಂದ ಮಕ್ಕಳನ್ನು ಕರೆತರುವವಳು, ನೆಂಟರು ಬಂದರೆ ಪಾನಕ ಕೊಡುವವಳು, ಕಿರಿಯ ಮಗುವನ್ನು ಮಲಗಿಸುವವಳು ಎಲ್ಲವೂ ಅವಳೇ. ಯಾರೂ ಗದರಿಸುವುದಿಲ್ಲ, “ಸ್ವಲ್ಪ ನೋಡಮ್ಮಾ” ಎನ್ನುತ್ತಾರೆ, ಅಷ್ಟೆ. ಈ ‘ಸ್ವಲ್ಪ’ಗಳನ್ನು ಕೂಡಿಸಿದರೆ ದಿನಕ್ಕೆ ಹನ್ನೆರಡು ಗಂಟೆಗೆ ಕಡಮೆಯಾಗದು. ತಿಂಗಳಿಗೆ 120 ಗಂಟೆಯ ವೇತನ ಕೊಟ್ಟು 360 ಗಂಟೆಯ ದುಡಿಮೆ ಪಡೆದಂತಾಯಿತು. ಅಂಗಡಿಯಲ್ಲಿ ಒಂದು ಸೇರಿನ ಹಣ ಕೊಟ್ಟು ಮೂರು ಸೇರು ಅಳೆದುಕೊಳ್ಳುವವನನ್ನು ಸಮಾಜ ಯಾವ ಹೆಸರಿನಿಂದ ಕರೆಯುತ್ತದೆ?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕ ಮಾನೋನ್ಮಾನ’ವನ್ನು ಎಣಿಸಿದೆ. ಕೊಡುವಾಗ ಕಿರಿದಾದ ಅಳತೆ, ಕೊಳ್ಳುವಾಗ ಹಿರಿದಾದ ಅಳತೆ. ವ್ಯಾಪಾರವೃತ್ತಿಯ ಶ್ರಾವಕರು ತಮ್ಮ ತಕ್ಕಡಿಯ ಬಗ್ಗೆ ಶತಮಾನಗಳಿಂದ ಎಚ್ಚರ ವಹಿಸಿದ್ದಾರೆ. ಕಾಲವನ್ನೂ ಅಳೆದೇ ಕೊಳ್ಳಬೇಕೆಂಬ ಎಚ್ಚರ ಮಾತ್ರ ಮನೆಯ ಹೊಸ್ತಿಲು ದಾಟಿ ಒಳಗೆ ಬಂದಿಲ್ಲ.

ದೋಷ ಅಲ್ಲಿಗೇ ನಿಲ್ಲುವುದಿಲ್ಲ. ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಷ್ಟವಾದ ಸ್ಥಳಕ್ಕೆ ಹೋಗದಂತೆ ತಡೆಯುವುದೇ ಬಂಧವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ‘ಊರು ಹೊಸದು, ಒಬ್ಬಳೇ ಹೊರಗೆ ಹೋಗಬೇಡ’ ಎಂದು ಬೀಗದ ಕೈಯನ್ನು ತಮ್ಮಲ್ಲಿಯೇ ಇಟ್ಟುಕೊಂಡು ಮನೆಮಂದಿ ಹೊರಟುಹೋದರೆ ಅದಕ್ಕೆ ಬೇರೆ ಯಾವ ಹೆಸರಿದೆ? ಇನ್ನು ಆಹಾರ. ಸೂರ್ಯಾಸ್ತದ ಬಳಿಕ ಉಣ್ಣದಿರುವುದು ಮನೆಯವರು ಸ್ವಂತ ಸಂಕಲ್ಪದಿಂದ ಹಿಡಿದ ವ್ರತ. ವ್ರತ ಹಿಡಿಯದ ಹುಡುಗಿ ರಾತ್ರಿ ಹತ್ತರವರೆಗೆ ದುಡಿದು ಹಸಿದು ಮಲಗಿದರೆ ಅದು ವ್ರತವಲ್ಲ, ಅನ್ನಪಾನನಿರೋಧ. ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗೆ ದೊರೆಯುವ ಕರುಣೆ ಕಣ್ಣೆದುರಿನ ಪಂಚೇಂದ್ರಿಯ ಜೀವಕ್ಕೆ ದೊರೆಯದಿರುವುದು ವಿಪರ್ಯಾಸವಲ್ಲವೆ?

“ಅವಳು ಮನೆಯ ಮಗಳಿದ್ದಂತೆ” ಎಂಬುದು ಸಾಮಾನ್ಯವಾದ ಸಮಾಧಾನ. ಮನೆಯ ಮಗಳು ಬೇಸಿಗೆಯ ರಜೆಯಲ್ಲಿ ಎಂಟು ಗಂಟೆಯವರೆಗೆ ನಿದ್ರಿಸುತ್ತಾಳೆ. ಬೇಸರವಾದರೆ ಗೆಳತಿಯ ಮನೆಗೆ ಹೋಗುತ್ತಾಳೆ. ಒಳಗಿನಿಂದ ಚಿಲಕ ಹಾಕಿಕೊಳ್ಳಬಲ್ಲ ಕೋಣೆ ಅವಳಿಗಿದೆ. ಅಡಿಗೆಮನೆಯ ಮೂಲೆಯಲ್ಲಿ ಚಾಪೆ ಹಾಸಿಕೊಳ್ಳುವವಳಿಗೆ ಈ ಮೂರರಲ್ಲಿ ಒಂದೂ ಇಲ್ಲದಿರುವಾಗ ‘ಮಗಳು’ ಎಂಬ ಮಾತು ವಾತ್ಸಲ್ಯವನ್ನು ಸೂಚಿಸದು, ಲೆಕ್ಕ ಕೇಳದಂತೆ ಬಾಯಿ ಕಟ್ಟುತ್ತದೆ.

“ಪೂರ್ಣ ವೇತನ ಕೊಡುವ ಶಕ್ತಿ ಮಧ್ಯಮವರ್ಗಕ್ಕೆ ಎಲ್ಲಿದೆ? ಬಡ ಕುಟುಂಬಕ್ಕೆ ನಾಲ್ಕು ಕಾಸು ಸಿಗುವುದೂ ತಪ್ಪುತ್ತದೆ” ಎಂಬುದು ಇನ್ನೊಂದು ವಾದ. ಕೆಲಸ ಕೊಡಬಾರದೆಂದು ಯಾರೂ ಹೇಳುತ್ತಿಲ್ಲ. ಅಳೆದು ಕೊಡಬೇಕೆಂಬುದಷ್ಟೇ ಪ್ರಶ್ನೆ. ನಾಲ್ಕೇ ಗಂಟೆಯ ಶಕ್ತಿಯಿದ್ದರೆ ಅದೇ ಬಡಾವಣೆಯ, ಒಂದು ಗಂಟೆಗೆ ತನ್ನ ಮನೆಗೆ ಮರಳಬಲ್ಲ ಮಹಿಳೆಯನ್ನು ನೇಮಿಸಿಕೊಳ್ಳಬಹುದು. ಶಕ್ತಿಗೆ ಮೀರಿದ ಸೇವೆಯನ್ನು ಬಯಸುವುದೂ ಪರಿಗ್ರಹವೇ. ಪರಿಗ್ರಹ ಪರಿಮಾಣದ ಅತಿಚಾರಗಳನ್ನು ಹೇಳುವಾಗ ಭೂಮಿ, ಚಿನ್ನ, ಧಾನ್ಯಗಳ ಸಾಲಿನಲ್ಲಿ ದಾಸೀದಾಸರನ್ನೂ ಸೇರಿಸಿರುವುದು ಅರ್ಥಹೀನವಲ್ಲ. ಇದರ ಹೊಣೆಯನ್ನು ಉದ್ಯೋಗಸ್ಥ ತಾಯಿಯೊಬ್ಬಳ ಮೇಲೆ ಹೊರಿಸುವುದೂ ಅನ್ಯಾಯ. ರಜೆ ಹಾಕಿ ಮಕ್ಕಳೊಡನೆ ಒಂದು ವಾರ ಕಳೆಯಲು ತಂದೆಗೇನು ಅಡ್ಡಿ?

ಲೌಕಿಕ ಕಾನೂನು ಕೂಡ ಈ ವಿಷಯದಲ್ಲಿ ಮೌನವಾಗಿಲ್ಲ. ಕರ್ನಾಟಕ ಸರ್ಕಾರವು 2004ರಲ್ಲಿಯೇ ಮನೆಗೆಲಸಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿತು. 14 ವರ್ಷದೊಳಗಿನವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್‌ನಿಂದ ನಿಷಿದ್ಧವಾಗಿದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 2011ರಲ್ಲಿ ಅಂಗೀಕರಿಸಿದ ಒಡಂಬಡಿಕೆಯು ವಾರಕ್ಕೊಮ್ಮೆ ಸತತ 24 ಗಂಟೆಗಳ ವಿರಾಮವನ್ನು ವಿಧಿಸುತ್ತದೆ. ಬಿಡುವಿನ ವೇಳೆಯಲ್ಲಿ ಕೆಲಸಗಾರಳು ಯಜಮಾನರ ಮನೆಯಲ್ಲಿಯೇ ಇರಬೇಕಾಗಿಲ್ಲವೆಂದೂ ಹೇಳುತ್ತದೆ. ಶ್ರಾವಕಧರ್ಮವು ಕಾನೂನಿಗಿಂತ ಒಂದು ಹೆಜ್ಜೆ ಮುಂದಿರಬೇಕಲ್ಲದೆ ಹಿಂದಿರಬಾರದು.

ಆದುದರಿಂದ ನಿಯಮ ಸರಳವಾಗಿರಲಿ. ಮನೆಯಲ್ಲಿ ಇರಿಸಿಕೊಳ್ಳುವುದಾದರೆ ಅವಳು ಹದಿನೆಂಟು ತುಂಬಿದವಳಾಗಿರಲಿ. ದುಡಿದ ಗಂಟೆಗಳನ್ನು ಅವಳ ಕಣ್ಣೆದುರೇ ಪುಸ್ತಕದಲ್ಲಿ ಬರೆದು ಅದರಂತೆ ವೇತನ ಕೊಡಲಿ. ಬೀಗದ ಕೈ, ಚಿಲಕವಿರುವ ಕೋಣೆ, ಹಸಿವಾದಾಗ ಊಟ, ವಾರಕ್ಕೊಂದು ರಜೆ, ಊರಿಗೆ ಮರಳುವ ಬಸ್ಸಿನ ಖರ್ಚು ಇವು ಅವಳ ಹಕ್ಕಾಗಲಿ. ಇದು ಸಾಧ್ಯವಾಗದಿದ್ದರೆ ಕರೆಸುವುದೇ ಬೇಡ.

ಬಸದಿಗಳ ಟ್ರಸ್ಟುಗಳಿಗೂ ಇಲ್ಲಿ ಕರ್ತವ್ಯವಿದೆ. ಜಿನಮಂದಿರದ ಮೇಲಿನ ವಿಶ್ವಾಸದಿಂದಲೇ ಹಳ್ಳಿಯ ತಾಯಿ ಮಗಳನ್ನು ಕಳುಹಿಸುತ್ತಾಳೆ. ಷರತ್ತುಗಳನ್ನು ವಿಚಾರಿಸದೆ ಅವಳನ್ನು ಒಪ್ಪಿಸುವ ಧರ್ಮದರ್ಶಿಯು ದಲ್ಲಾಳಿಗಿಂತ ಹೇಗೆ ಭಿನ್ನ? ಮದುವೆಗಳಿಲ್ಲದ ದಿನಗಳಲ್ಲಿ ಖಾಲಿ ಬೀಳುವ ಟ್ರಸ್ಟಿನ ಸಭಾಂಗಣದಲ್ಲಿ ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ, ಯೋಗ್ಯ ವೇತನ ಪಡೆಯುವ ಶಿಕ್ಷಕಿಯರಿಂದ ಮಕ್ಕಳ ಶಿಬಿರ ನಡೆಸಿದರೆ ಅನೇಕ ಮನೆಗಳ ಕೊರತೆ ನೀಗುತ್ತದೆ. ಅಲ್ಲಿ ಮಕ್ಕಳಿಗೆ ಅಣುವ್ರತಗಳನ್ನು ಬಾಯಿಪಾಠ ಮಾಡಿಸಬಹುದು. ಆದರೆ ಮಕ್ಕಳು ಆ ಪಾಠವನ್ನು ಮೊದಲು ಕಲಿಯುವುದು ತಮ್ಮನ್ನು ಎತ್ತಿ ಆಡಿಸಿದವಳನ್ನು ಹೆತ್ತವರು ಹೇಗೆ ನಡೆಸಿಕೊಂಡರು ಎಂಬುದನ್ನು ನೋಡಿಯೇ.