ಮನೆವಾರ್ತೆ: ಅತ್ತೆಯವರ ಔಷಧಿಯೂ ಮೂರು ತಂತಿಯ ಕಡ್ಡಿಯೂ

ಈ ಸಲದ ಮಾತು ಅಡುಗೆಮನೆಯದೇ, ಆದರೆ ಅಡುಗೆಯದಲ್ಲ. ನಮ್ಮ ಮನೆಯ ಹಳೇ ಫ್ರಿಜ್ಜಿನದು.

ನಾವಿರುವುದು ಸುರಪುರ ತಾಲ್ಲೂಕಿನ ಬೋನಾಳದಲ್ಲಿ. ಚಳಿಗಾಲದಲ್ಲಿ ನಮ್ಮೂರ ಕೆರೆಗೆ ದೂರದೇಶದ ಹಕ್ಕಿಗಳು ಬರುತ್ತವೆ. ಅವನ್ನು ನೋಡಲು ಪೇಟೆಯ ಜನವೂ ಬರುತ್ತಾರೆ. ಬೇಸಿಗೆಗೆ ಮಾತ್ರ ನಾವು ನಾವೇ! ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿತೆಂದರೆ ರಾತ್ರಿಯೂ ಗೋಡೆ ಕಾದಿರುತ್ತದೆ. ಅದರ ಮೇಲೆ ಕರೆಂಟೂ ಹೋದರೆ ಕೇಳುವುದೇ ಬೇಡ.

ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಸಲ ಇನ್ಸುಲಿನ್ ಸೂಜಿ. ಜೋಳದ ರೊಟ್ಟಿಯನ್ನೂ ಎಣಿಸಿ ತಿನ್ನುವ ಜೀವ ಅದು. ಆದರೂ ಹೋದ ಬೇಸಿಗೆಯಲ್ಲಿ ಸಕ್ಕರೆ ಏರುತ್ತಲೇ ಹೋಯಿತು. ಬಾಯಿ ಒಣಗುವುದು, ರಾತ್ರಿ ನಾಲ್ಕು ಸಲ ಏಳುವುದು, ಕೈಕಾಲು ನಿತ್ರಾಣ. ನನಗೋ ಗುಮಾನಿ, ಕದ್ದು ಬೆಲ್ಲ ತಿನ್ನುತ್ತಾರೇನೋ ಅಂತ. ಒಂದು ದಿನ ಬಾಯಿಬಿಟ್ಟು ಕೇಳಿಯೇ ಬಿಟ್ಟೆ. "ಈ ವಯಸ್ಸಿನ್ಯಾಗ ನನ್ನ ಕಳ್ಳಿ ಮಾಡಿದೆಲ್ಲವ್ವಾ" ಎಂದು ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಡಾಕ್ಟರು ಕೇಳಿದ್ದೇ ಬೇರೆ. "ಔಷಧಿ ಎಲ್ಲಿ ಇಡತೀರಿ?" ಎಂದರು. "ಫ್ರಿಜ್ಜಿನಾಗರೀ" ಎಂದೆ, ಹೆಮ್ಮೆಯಿಂದಲೇ. "ಫ್ರಿಜ್ಜಿನಾಗ ಯಾವ ಜಾಗಾ? ಅಲ್ಲಿ ಎಷ್ಟು ತಂಪು ಇರತದ?" ನನ್ನ ಬಳಿ ಉತ್ತರವಿರಲಿಲ್ಲ. ಕೈ ಇಟ್ಟರೆ ತಣ್ಣಗಿದೆ, ಇಷ್ಟೇ ಗೊತ್ತು.

ಆಮೇಲೆ ಅವರು ತಿಳಿಸಿ ಹೇಳಿದರು. ಒಡೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿಯೊಳಗೆ ಇಡಬೇಕು. ಹೆಚ್ಚು ಕಾದರೆ ಅದರ ಶಕ್ತಿ ಕುಂದುತ್ತದೆ. ಒಮ್ಮೆ ಹೆಪ್ಪುಗಟ್ಟಿತೋ ಮುಗಿಯಿತು. ಕರಗಿ ಮೊದಲಿನಂತೆ ಕಂಡರೂ ಅದನ್ನು ಚುಚ್ಚಬಾರದು. ಕೆಟ್ಟ ಹಾಲು ಒಡೆದು ತೋರಿಸುತ್ತದೆ, ಕೆಟ್ಟ ಇನ್ಸುಲಿನ್ ಎಷ್ಟೋ ಸಲ ಏನೂ ತೋರಿಸುವುದಿಲ್ಲ.

ಮನೆಗೆ ಬಂದು ಹೊಸ ಬಾಟಲಿ ತೆಗೆದದ್ದಾಯಿತು. ಆದರೆ ಅದನ್ನಿಡುವ ಜಾಗ? ಪಾಲಿಟೆಕ್ನಿಕ್ ಓದುವ ಮಗಳು ರಜೆಗೆ ಬಂದಿದ್ದಳು. "ಅವ್ವಾ, ಅಂದಾಜು ಯಾಕ, ಅಳದೇ ನೋಡೋಣಲ್ಲ" ಎಂದು ಚೀಲದಿಂದ ಅಂಗೈ ಅಗಲದ ನೀಲಿ ಹಲಗೆಯೊಂದನ್ನು ತೆಗೆದಳು. ಆರ್ಡುಯಿನೋ ಎಂದು ಅದರ ಹೆಸರು. 2005ರಲ್ಲಿ ಇಟಲಿಯ ಇವ್ರೆಯಾ ಎಂಬ ಊರಿನಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಬಳಸಲೆಂದು ಮಾಡಿದ್ದಂತೆ. ಅಂದಮೇಲೆ ನಾವೂ ಬಳಸಬಹುದಲ್ಲವೇ? ಹೋಳಿಗೆ ಮಾಡುವಷ್ಟು ಕಷ್ಟವೂ ಇಲ್ಲ.

ಬೇಕಾಗುವ ಸಾಮಾನು:

ಆರ್ಡುಯಿನೋ ಉನೋ ಬೋರ್ಡು 1. ಡಿಎಸ್18ಬಿ20 ಎಂಬ ತಾಪಮಾನದ ಸೆನ್ಸರ್ 2 (ಸ್ಟೀಲ್ ತುದಿಯ, ನೀರು ಹೋಗದ, ಉದ್ದ ತಂತಿಯದೇ ಕೇಳಿ, ನಮ್ಮ ಮನೆಯಲ್ಲಿ ಇದಕ್ಕೆ 'ಕಡ್ಡಿ' ಎಂದೇ ಹೆಸರು). 4.7 ಕಿಲೋ ಓಮಿನ ರೆಸಿಸ್ಟರ್ 1. ಮೈಮೇಲೆ ಹಳದಿ, ನೇರಳೆ, ಕೆಂಪು ಪಟ್ಟೆಗಳಿರುತ್ತವೆ. ಬೆಸುಗೆಯಿಲ್ಲದೆ ತಂತಿ ಚುಚ್ಚುವ ಬ್ರೆಡ್‌ಬೋರ್ಡ್ 1. ಜೋಡಿಸುವ ತಂತಿಗಳು, ಯುಎಸ್‌ಬಿ ಕೇಬಲ್, ಮತ್ತು ಮಕ್ಕಳ ಲ್ಯಾಪ್‌ಟಾಪ್.

ಮಾಡುವ ವಿಧಾನ:

ಕಡ್ಡಿಗೆ ಮೂರು ತಂತಿ. ಸಾಮಾನ್ಯವಾಗಿ ಕೆಂಪು, ಕಪ್ಪು, ಹಳದಿ. ಕೆಲವು ಕಡೆ ಬಣ್ಣ ಬೇರೆ ಇರುವುದರಿಂದ ಜೊತೆಯ ಚೀಟಿ ನೋಡಿಕೊಳ್ಳಿ. ಕೆಂಪನ್ನು ಬೋರ್ಡಿನ 5 ವೋಲ್ಟ್ ತೂತಿಗೆ, ಕಪ್ಪನ್ನು ಜಿಎನ್‌ಡಿ ಎಂದು ಬರೆದ ತೂತಿಗೆ, ಹಳದಿಯನ್ನು 2ನೇ ನಂಬರಿಗೆ ಸೇರಿಸಿ. ಎರಡನೇ ಕಡ್ಡಿಯನ್ನೂ ಅದೇ ಮೂರು ಜಾಗಕ್ಕೆ ಜೋಡಿಸಿ. ರೆಸಿಸ್ಟರಿನ ಒಂದು ತುದಿ ಕೆಂಪಿಗೆ, ಇನ್ನೊಂದು ಹಳದಿಗೆ. ತಂತಿ ಅದಲುಬದಲಾದರೆ ಕಡ್ಡಿಯ ತುದಿ ಸುಡುವಷ್ಟು ಕಾಯುತ್ತದೆ. ಕೂಡಲೇ ಕೇಬಲ್ ಕೀಳಿ.

"ಎರಡೂ ಒಂದೇ ಎಳೆಗೆ ಕಟ್ಟಿದರ ಯಾವುದು ಮಾತಾಡತದ ಅಂತ ಹೆಂಗ ಗೊತ್ತಾಗತದ?" ಎಂದೆ. ಪ್ರತಿಯೊಂದು ಕಡ್ಡಿಗೂ ಕಾರ್ಖಾನೆಯಲ್ಲೇ ಒಂದು ನಂಬರು ಕೊಟ್ಟಿರುತ್ತಾರಂತೆ, ರೇಷನ್ ಕಾರ್ಡಿನ ಹಾಗೆ, ಒಬ್ಬರದು ಇನ್ನೊಬ್ಬರಿಗಿಲ್ಲ. ಬೋರ್ಡು ನಂಬರು ಹಿಡಿದು ಕರೆಯುತ್ತದೆ, ಅದೊಂದೇ ಓಗೊಡುತ್ತದೆ. ರೆಸಿಸ್ಟರ್ ಯಾಕೆಂದರೆ, ಜಾಳಿಗೆ ಬಾಗಿಲಿನ ಸ್ಪ್ರಿಂಗ್ ನೆನೆಯಿರಿ. ಕಡ್ಡಿ ಮಾತಾಡುವಾಗ ಹಳದಿ ತಂತಿಯ ವೋಲ್ಟನ್ನು ಕೆಳಗೆಳೆದು ಬಿಡುತ್ತದೆ. ಅದನ್ನು ತಿರುಗಿ ಮೇಲಕ್ಕೆ ತರುವುದು ರೆಸಿಸ್ಟರಿನ ಕೆಲಸ. ಅದನ್ನು ಮರೆತರೆ ಮಾತೇ ಕೇಳಿಸದು.

ಲ್ಯಾಪ್‌ಟಾಪಿನ ಆರ್ಡುಯಿನೋ ಪ್ರೋಗ್ರಾಮಿಗೆ 'ಒನ್‌ವೈರ್' ಮತ್ತು 'ಡಲ್ಲಾಸ್ ಟೆಂಪರೇಚರ್' ಎಂಬ ಎರಡು ಲೈಬ್ರರಿ ಸೇರಿಸಬೇಕು. ಎರಡನೆಯದರ ಉದಾಹರಣೆಗಳಲ್ಲಿ 'ಟೆಸ್ಟರ್' ಎಂಬುದನ್ನು ತೆರೆದು, ಅದರಲ್ಲಿ ತಂತಿಯ ನಂಬರು 2 ಎಂದಿದೆಯೇ ನೋಡಿ, ಬೋರ್ಡಿಗೆ ಕಳಿಸಿದರಾಯಿತು. ಪರದೆಯ ಮೇಲೆ ಎರಡೂ ಕಡ್ಡಿಗಳ ಡಿಗ್ರಿ ಸಾಲಾಗಿ ಬರುತ್ತದೆ. -127 ಎಂದು ಬಂದರೆ ಹೆದರಬೇಡಿ. ತಂತಿ ಎಲ್ಲೋ ಬಿಟ್ಟಿದೆ ಎಂದರ್ಥ. ನೆಟ್ಟಗೆ 85 ಎಂದೇ ಬಂದರೆ ಕಡ್ಡಿ ಇನ್ನೂ ಅಳೆದಿಲ್ಲ ಎಂದು ತಿಳಿಯಿರಿ. ಪೂರ್ತಿ ನಿಖರವಾಗಿ ಅಳೆಯಲು ಅದಕ್ಕೆ ಮುಕ್ಕಾಲು ಸೆಕೆಂಡ್ ಬೇಕು.

ನಂಬುವ ಮೊದಲು ಒಂದು ಪರೀಕ್ಷೆ. ಲೋಟದ ತುಂಬ ಪುಡಿ ಮಾಡಿದ ಐಸು, ಸಂದಿ ತುಂಬುವಷ್ಟು ನೀರು ಹಾಕಿ ಕದಡಿ, ಎರಡೂ ಕಡ್ಡಿ ಅದ್ದಿ. ಐದು ನಿಮಿಷದಲ್ಲಿ ಸೊನ್ನೆಯ ಅತ್ತಿತ್ತ ಅರ್ಧ ಡಿಗ್ರಿಯೊಳಗೆ ಬರಬೇಕು. ಬರದಿದ್ದರೆ ಅದು ನಕಲಿ ಮಾಲಿರಬಹುದು.

ಇನ್ನು ಫ್ರಿಜ್ಜಿನ ಮಾತು. ಕಡ್ಡಿಯನ್ನು ಬರಿಗಾಳಿಯಲ್ಲಿ ಬಿಡದೆ ನೀರು ತುಂಬಿದ ಪುಟ್ಟ ಬಾಟಲಿಯಲ್ಲಿ ಇಳಿಬಿಟ್ಟೆವು. ಬಾಗಿಲು ತೆಗೆದಾಗಲೆಲ್ಲ ಗಾಳಿಯ ಬಿಸಿ ಕುಣಿಯುತ್ತದೆ. ನೀರು ಔಷಧಿಯ ಹಾಗೆ ನಿಧಾನಕ್ಕೆ ಕಾಯುತ್ತದೆ. ಒಂದು ಬಾಟಲಿ ಅತ್ತೆಯವರು ಔಷಧಿ ಇಡುತ್ತಿದ್ದ ಜಾಗದಲ್ಲಿ, ಐಸ್ ಪೆಟ್ಟಿಗೆಯ ಕೆಳಗೆ ಹಿಂಬದಿಗೆ ತಾಗಿಸಿ. ಇನ್ನೊಂದು ನಡುವಿನ ತಟ್ಟೆಯಲ್ಲಿ. ಕರೆಂಟು ಹೋದಾಗ ಲ್ಯಾಪ್‌ಟಾಪಿನ ಬ್ಯಾಟರಿಯೇ ಬೋರ್ಡನ್ನು ನಡೆಸಿತು. (ಮೊಬೈಲಿನ ಪವರ್ ಬ್ಯಾಂಕ್ ಹಾಕಿದರೆ, ಬೋರ್ಡು ಎಳೆಯುವ ಕರೆಂಟು ತೀರ ಕಡಿಮೆಯೆಂದು ಕೆಲವು ತಾವೇ ಆಫ್ ಆಗುತ್ತವೆ.) ನಾನು ಹಾಲಿನ ಲೆಕ್ಕದ ಪುಸ್ತಕದಲ್ಲೇ ತಾಸಿಗೊಮ್ಮೆ ಬರೆದೆ.

ಬೆಳಗಿನ ಜಾವ ಐದಕ್ಕೆ ಅತ್ತೆಯವರ ಜಾಗದಲ್ಲಿ -1.5! ಬಾಟಲಿಯ ನೀರಿನಲ್ಲಿ ಐಸಿನ ಎಳೆ. ಅದೇ ದಿನ ಮಧ್ಯಾಹ್ನ ಐದು ತಾಸು ಕರೆಂಟಿಲ್ಲದೆ ಅದೇ ಜಾಗ 16. ನಡುವಿನ ತಟ್ಟೆ ಮಾತ್ರ ರಾತ್ರಿ 5, ಕರೆಂಟು ಹೋದಾಗ 14. ಅಂದರೆ ಎಲ್ಲಕ್ಕಿಂತ ತಂಪಾದ ಜಾಗವೆಂದು ಅತ್ತೆಯವರು ಜೋಪಾನವಾಗಿ ಆರಿಸಿದ ಮೂಲೆಯೇ ಔಷಧಿಯನ್ನು ರಾತ್ರಿ ಹೆಪ್ಪುಗಟ್ಟಿಸಿ ಹಗಲು ಕರಗಿಸುತ್ತಿತ್ತು. ಅವರು ಚುಚ್ಚಿಕೊಳ್ಳುತ್ತಿದ್ದುದು ಸತ್ತ ಔಷಧಿ. ಬೆಲ್ಲದ ಡಬ್ಬಿಯನ್ನು ನಾನು ವೃಥಾ ಬಚ್ಚಿಟ್ಟಿದ್ದೆ.

ಈಗ ಒಡೆಯದ ಬಾಟಲಿ ನಡುವಿನ ತಟ್ಟೆಗೆ, ಹಿಂಬದಿಯಿಂದ ದೂರ. ಸುತ್ತ ನಾಲ್ಕು ನೀರಿನ ಬಾಟಲಿ. ಕರೆಂಟು ಹೋದಾಗ ಅವೇ ತಂಪು ಹಿಡಿದಿಡುತ್ತವೆ. ಒಂದು ತಿಂಗಳ ಔಷಧಿಗಿಂತ ಹೆಚ್ಚು ತಂದಿಡುವುದನ್ನೂ ಬಿಟ್ಟೆವು. ಬಳಸುತ್ತಿರುವ ಬಾಟಲಿಗೆ ಫ್ರಿಜ್ಜೇ ಬೇಕಿಲ್ಲ. ಬಹಳಷ್ಟು ಇನ್ಸುಲಿನ್ನುಗಳು 25ರಿಂದ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ತಾಳುತ್ತವೆ. ಒಂದೊಂದರ ಲೆಕ್ಕ ಬೇರೆಯಾದ್ದರಿಂದ ಪೆಟ್ಟಿಗೆಯ ಚೀಟಿ ಓದಿ, ನಿಮ್ಮ ಡಾಕ್ಟರನ್ನು ಕೇಳಿಯೇ ಹೀಗೆ ಮಾಡಿ.

ಆದರೆ ನಮ್ಮ ಮನೆಯೊಳಗೇ 38 ಡಿಗ್ರಿ! ಆಗ ಅತ್ತೆಯವರೇ ದಾರಿ ತೋರಿಸಿದರು. "ಗಡಗ್ಯಾಗ ಗಡಗಿ ಇಟ್ಟು ನಡುವ ಹಸೀ ಉಸುಕು ಹಾಕ್ರಿ. ನಮ್ಮವ್ವ ಬೆಣ್ಣಿ ಹಂಗೇ ಇಡತಿದ್ಲು." ನೆರಳಿನಲ್ಲಿ, ಗಾಳಿಯಾಡುವ ಕಡೆ ಇಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿ, ಒಳಗೆ ಕಡ್ಡಿ ಬಿಟ್ಟೆವು. ಸಂಜೆಗೆ 26! ನೀರು ಆರುವಾಗ ಗಡಗಿಯ ಬಿಸಿಯನ್ನು ಎಳೆದುಕೊಂಡು ಹೋಗುತ್ತದೆ. ನಮ್ಮ ಕಡೆಯ ಒಣ ಗಾಳಿಗೆ ಇದು ಚೆನ್ನ. ಮಳೆಗಾಲದ ಹಸಿ ಗಾಳಿಯಲ್ಲಿ ಅಷ್ಟು ತಂಪಾಗದು. ಬಾಟಲಿಯನ್ನು ಮುಚ್ಚಳದ ಡಬ್ಬಿಯಲ್ಲಿಡಿ, ನೀರು ತಾಗಬಾರದು.

ಹೊಸ ಔಷಧಿ, ಹೊಸ ಜಾಗ ಆದಮೇಲೆ ಡಾಕ್ಟರು ಹೇಳಿದಂತೆ ದಿನಾ ಸಕ್ಕರೆ ನೋಡಿದೆವು. ನಿಧಾನಕ್ಕೆ ಇಳಿಯಿತು. ಅತ್ತೆಯವರು ರಾತ್ರಿ ನಿದ್ದೆ ಮಾಡತೊಡಗಿದರು.

ನಾನು ಅವರ ಕಾಲು ಮುಟ್ಟಿ ತಪ್ಪಾಯಿತು ಎಂದೆ. "ಇರಲಿ ಬಿಡವ್ವಾ. ಆ ಕಡ್ಡಿ ನನ್ನ ಪರವಾಗಿ ಸಾಕ್ಷಿ ಹೇಳಿತಲ್ಲ" ಎಂದು ನಕ್ಕರು. ಈಗ ಬೆಳಿಗ್ಗೆ ಎದ್ದೊಡನೆ ಅವರದೇ ಮೊದಲ ಪ್ರಶ್ನೆ: "ಗಡಗಿ ಎಷ್ಟದ ಇವತ್ತ?"

ಸೋದರಿಯರೇ, ನಿಮ್ಮ ಮನೆಯಲ್ಲಿ ಇನ್ಸುಲಿನ್ ಇದ್ದರೆ ಬೋರ್ಡು ಬರುವ ತನಕ ಕಾಯಬೇಡಿ. ಇವತ್ತೇ ಆ ಬಾಟಲಿಯನ್ನು ಐಸ್ ಪೆಟ್ಟಿಗೆಯ ಬಳಿಯಿಂದ ಸರಿಸಿ. ಹಿರಿಯರ ಮೇಲೆ ಗುಮಾನಿ ಪಡುವ ಮೊದಲು ಫ್ರಿಜ್ಜಿನ ಮೇಲೆ ಪಡಿ.